ಕೂಲರ್ ಒಲ್ಲದ ಉಪ್ಪು

ಮೇ ತಿಂಗಳ ಬಿಸಿಲು ನಲವತ್ತಮೂರು ಡಿಗ್ರಿ ದಾಟಿದರೂ ಜೇವರ್ಗಿ ಕಾಲೋನಿಯ ಆ ಒಂದೇ ಕೋಣೆಯ ಮನೆಯಲ್ಲಿ ಸಪ್ನಾ ಕೂಲರ್ ಹಚ್ಚುವಂತಿರಲಿಲ್ಲ. ಗಂಡ ವಿಶ್ವಾಸ ಗಾಜಿನ ತೊಟ್ಟಿಯಲ್ಲಿ ಕಡಲ ಮೀನು ಸಾಕಿದ್ದ. ಅವುಗಳ ನೀರಿಗೆ ಬೆರೆಸುವ ಉಪ್ಪಿನ ಬಕೆಟ್ ಅದೇ ಕೋಣೆಯಲ್ಲಿತ್ತು. ಹೋದ ವರ್ಷ ಕೂಲರಿನ ತೇವಕ್ಕೆ ಇಡೀ ಬಕೆಟ್ ಉಪ್ಪು ಕಲ್ಲಾಗಿತ್ತು.

"ಅಡಗಿ ಉಪ್ಪೇ ಹಾಕ್ರಿ," ಎಂದಳು ಸಪ್ನಾ.

"ಇದರಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಇರ್ತದ. ಬರೇ ಉಪ್ಪು ಹಾಕಿದ್ರ ಮೀನಾ ಸಾಯ್ತಾವ."

"ಇಲ್ಲಿ ನಾ ಸಾಯಾಕತ್ತೀನಿ, ಅದು ಕಾಣಂಗಿಲ್ಲ ನಿಮಗ." ಅವಳೇ ಮತ್ತೆ ಕೇಳಿದಳು, "ಕಮಲಾಪುರದಾಗ ನಮ್ಮ ಅವ್ವನ ಜ್ವಾಳದ ಕೋಣಿ ಒಣಾ ಒಣ ಅದ. ಬಕೆಟ್ ಅಲ್ಲಿಗೆ ಒಯ್ಲೇನ್ರಿ? ಮಳಿಗಾಲತನಾ ನಾನೂ ಅಲ್ಲೇ ಇರ್ತೀನಿ."

"ಛಲೋ ಆತು, ಒಯ್ಯಿ."

ಸಪ್ನಾ ಲಗುಬಗೆಯಿಂದ ನಾಲ್ಕು ಸೀರೆ ಮಡಚಿದಳು. ವಿಶ್ವಾಸ ಅವುಗಳ ಮೇಲೆ ಸಣ್ಣ ತಕ್ಕಡಿಯೊಂದನ್ನು ಇಟ್ಟ.

"ರವಿವಾರಕ್ಕೊಮ್ಮಿ ನೀರು ಬದಲಿ ಮಾಡ್ಬೇಕಲ್ಲ. ಆರ್ನೂರು ಗ್ರಾಂ ತೂಗಿ ನೀನೇ ಬಸ್ಸಿನಾಗ ತಗೊಂಡ ಬಾ."

"ತಿಂಗಳಿಂದು ಒಮ್ಮೆಲೇ ಇಟ್ಕೋರಿ."

"ಕಲ್ಲಾಗ್ತದ. ಇನ್ನ ನಾ ಕೂಲರ್ ಹಚ್ಚತೀನಲ್ಲ."

ವಾರವಾರ ಬರುವುದಾದರೆ ಒಂದೇ ಸಾಕೆಂದು ಸಪ್ನಾ ಮೂರು ಸೀರೆಗಳನ್ನು ಮರಳಿ ಕಪಾಟಿನಲ್ಲಿಟ್ಟಳು.