ರುದ್ರಮುನಿಯ ಕೂಗು, ಹಾಲಮ್ಮನ ಮಾತು

ನಾನು ಒಂದು ಮೈಕು. ದಾವಣಗೆರೆಯ ದಾದಾಪೀರನ ಅಂಗಡಿಯಲ್ಲಿ ಹುಟ್ಟಿದವನು. ಯಾವುದೋ ಹಳೆಯ ಮೈಕಿನ ಹಿಡಿ, ಇನ್ಯಾವುದರದೋ ಜಾಲರಿ ತಲೆ, ಒಳಗೆ ಹೊಸದೊಂದು ತೆಳು ಪೊರೆ. ಇವನ್ನೆಲ್ಲ ಕೂಡಿಸಿ ಬೆಸುಗೆ ಹಾಕಿದ ದಾದಾಪೀರ ನನ್ನ ನೆತ್ತಿಗೆ ಪಟಪಟನೆ ತಟ್ಟಿ, "ಹಲೋ, ಹಲೋ" ಎಂದ. ಹುಟ್ಟಿದ ಗಳಿಗೆಯಿಂದಲೇ ಏಟು ತಿನ್ನುವ ಹಣೆಬರಹ ನನ್ನದು.

ಮದುವೆ, ನಾಟಕ, ಭಾಷಣ ಎಂದು ಬಾಡಿಗೆಗೆ ಹೋದಲ್ಲೆಲ್ಲ ಜನ ನನ್ನ ಕತ್ತು ಹಿಸುಕಿ ಕಿರುಚುತ್ತಿದ್ದರು. "ಅಣ್ಣಾ, ಕೂಗೋದು ಇದರ ಕೆಲ್ಸ. ನೀವು ಮಾತಾಡಿದ್ರೆ ಸಾಕು" ಎಂದು ದಾದಾಪೀರ ಹೇಳಿ ಹೇಳಿ ಸೋತ. ಕೇಳುವವರು ಯಾರು? ಮುಖಕ್ಕೆ ಸಿಡಿದ ಎಂಜಲು ಒರೆಸಿಕೊಳ್ಳಲು ನನಗೆ ಕೈಯಾದರೂ ಇದೆಯೇ?

ಎಲ್ಲರಿಗಿಂತ ಜೋರು ಗಂಟಲು ರುದ್ರಮುನಿಯದು. ಹತ್ತಿಗಿರಣಿಯ ಕಾರ್ಮಿಕರ ಮುಖಂಡ ಅವನು. ಗೇಟಿನ ಮುಂದೆ ಸಭೆ ಸೇರಿದಾಗಲೆಲ್ಲ ಅವನು ಪ್ರಶ್ನೆ ಎಸೆಯಬೇಕು, ಜನ ಒಕ್ಕೊರಲಿನಿಂದ ಉತ್ತರ ಕೊಡಬೇಕು. "ಬೋನಸ್ ಬಿಡ್ತೀರೇನು?" "ಇಲ್ಲ!" "ಹೆದರ್ತೀರೇನು?" "ಇಲ್ಲ!" ಬರಬರುತ್ತಾ ಪ್ರಶ್ನೆ ಮುಗಿಯುವ ಮೊದಲೇ "ಇಲ್ಲ" ಎನ್ನುವುದು ಅವರಿಗೆ ರೂಢಿಯಾಗಿಬಿಟ್ಟಿತು.

ಒಂದು ದಿನ ಗಿರಣಿಯೊಳಗೆ ಹತ್ತಿಗೆ ಬೆಂಕಿ ಬಿತ್ತು. ಹಿಂಬಾಗಿಲಿಗೆ ಬೀಗ ಹಾಕಿತ್ತು. ಕೊಟ್ರಪ್ಪನೆಂಬ ಕಾರ್ಮಿಕ ಆ ಬಾಗಿಲನ್ನು ಬಡಿಯುತ್ತಲೇ ಸುಟ್ಟುಹೋದ. ಬೀಗ ಹಾಕಿದವನು ಸೂಪರ್‌ವೈಸರ್ ತಿಪ್ಪೇಶಿ. ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಜನವೋ ಜನ. ತಿಪ್ಪೇಶಿ ಗೇಟಿನ ಪಕ್ಕದ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಅಡಗಿದ್ದ. ರುದ್ರಮುನಿ ಬೆಂಚು ಹತ್ತಿ ನನ್ನ ಕತ್ತು ಹಿಡಿದ.

"ಕೊಟ್ರಪ್ಪನ್ನ ಕೊಂದೋನ್ನ ಸುಮ್ನೆ ಬಿಡ್ತೀರೇನು?"

"ಇಲ್ಲ!"

ಅವನಿಗೆ ಬೇಕಿದ್ದುದು ಆ ಉತ್ತರ ಮಾತ್ರ. ಜನರಿಗೆ ಬೇಕಿದ್ದುದು ತಿಪ್ಪೇಶಿ. ಬಾಗಿಲು ಮುರಿದು, ಕೂದಲು ಹಿಡಿದು ಅವನನ್ನು ಹೊರಗೆಳೆದರು. ಕಲ್ಲು, ಸಲಾಕೆ, ಚಪ್ಪಲಿ, ಕೈಗೆ ಸಿಕ್ಕಿದ್ದೆಲ್ಲ ಅವನ ಮೇಲೆ ಬಿತ್ತು. ಹಲ್ಲು ಉದುರಿತು, ಒಂದು ಕಣ್ಣಿನಿಂದ ರಕ್ತ ಸುರಿಯಿತು. "ಯಪ್ಪಾ, ಸತ್ತೆ" ಎಂಬ ಅವನ ನರಳಾಟ ನನ್ನವರೆಗೂ ಬಂತು.

ರುದ್ರಮುನಿ ಬೆಚ್ಚಿಬಿದ್ದ. "ಹೊಡೀಬ್ಯಾಡ್ರಿ! ನಿಲ್ಲಿಸ್ರಿ!" ಎಂದು ಅರಚಿದ. ಆದರೆ ಆ ಗಂಟಲಿಗೆ ಗೊತ್ತಿದ್ದುದು ಒಂದೇ ಕೂಗು. ನನ್ನ ವೈರಿಗೆ ಕಟ್ಟಿದ್ದ ಹಾರ್ನ್ ಸ್ಪೀಕರ್ ಗೊರಗೊರ ಎಂದಿತು. ಜನರ ಕಿವಿಗೆ ಅದೂ ಒಂದು ಘೋಷಣೆಯೇ. "ಇಲ್ಲ!" ಎಂದು ಒಕ್ಕೊರಲಿನಿಂದ ಕೂಗಿ ಇನ್ನೂ ಜೋರಾಗಿ ಹೊಡೆದರು.

ಆಗ ಕೊಟ್ರಪ್ಪನ ಹೆಂಡತಿ ಹಾಲಮ್ಮ ಬೆಂಚು ಹತ್ತಿ ನನ್ನನ್ನು ಕಿತ್ತುಕೊಂಡಳು. ಮೊದಲು ಅವಳ ಉಸಿರಷ್ಟೇ ಹಾರ್ನಿನಲ್ಲಿ ಕೇಳಿಸಿತು. ಹತ್ತಿರದವರು ತಲೆ ಎತ್ತಿದರು.

"ನಾನು ಹಾಲಮ್ಮ" ಎಂದಳು, ಮನೆಯ ಕಟ್ಟೆಯ ಮೇಲೆ ಕೂತು ಮಾತಾಡುವಷ್ಟೇ ಮೆಲ್ಲಗೆ. ಹಿಂದಿದ್ದವರಿಗೆ ಕೇಳಿಸಲಿಲ್ಲ. "ಏಯ್, ಸುಮ್ನಿರ್ರಲೇ, ಅಕ್ಕ ಮಾತಾಡ್ತಾಳೆ" ಎಂದು ಒಬ್ಬರನ್ನೊಬ್ಬರು ಗದರಿಕೊಂಡರು.

"ನಮ್ಮನೆಯೋರ ಮೈಗೆ ನೀರು ಹಾಕಾಕೂ ಆಗ್ಲಿಲ್ಲ. ಮುಟ್ಟಿದ್ರೆ ಚರ್ಮ ಕಿತ್ತು ಬರ್ತಿತ್ತು." ನಿಲ್ಲಿಸಿದಳು. ಉಗುಳು ನುಂಗಿದಳು. "ಬೀಗ ಹಾಕು ಅಂತ ಹೇಳ್ದೋರು ಯಾರು ಅಂತ ಇವನು ಕೋರ್ಟಿನಾಗೆ ಹೇಳ್ಬೇಕು. ಇವನ ಬಾಯಿ ನನಗೆ ಬೇಕು. ಸಾಯಿಸಬ್ಯಾಡ್ರಪ್ಪಾ."

ಸಲಾಕೆಗಳು ಒಂದೊಂದಾಗಿ ಕೆಳಗೆ ಬಿದ್ದವು. ಯಾರೋ ತಡವಾಗಿ ಎಸೆದ ಕಲ್ಲೊಂದು ಮಾತ್ರ ಬಂದು ನನ್ನ ತಲೆಗೆ ಬಡಿಯಿತು. ಪೊರೆ ಹರಿಯಿತು. ನನ್ನ ಕೊನೆಯ ಮಾತು ಹಾಲಮ್ಮನದಾಯಿತಲ್ಲ ಎಂದು ನನಗೆ ಈಗಲೂ ಹೆಮ್ಮೆ.

ತಿಪ್ಪೇಶಿ ಒಂದು ಕಣ್ಣು ಕಳೆದುಕೊಂಡು ಬದುಕಿದ. ಬೀಗ ಹಾಕಿಸಿದ ಮಾಲೀಕನ ಹೆಸರನ್ನು ಕೋರ್ಟಿನಲ್ಲಿ ಹೇಳಿದ. ಈಗ ಗಿರಣಿಯೂ ಮುಚ್ಚಿದೆ. ನಾನು ದಾದಾಪೀರನ ಅಂಗಡಿಯ ಮೂಲೆಯಲ್ಲಿ, ಸೊಟ್ಟ ತಲೆ ಹೊತ್ತು, ವೈರಿಲ್ಲದೆ ಬಿದ್ದಿದ್ದೇನೆ.

ಮುದುಕನಾದ ರುದ್ರಮುನಿ ಆಗಾಗ ಅಂಗಡಿಗೆ ಬರುತ್ತಾನೆ. ದಾದಾಪೀರ ಚಹಾ ತರಲು ಹೋದಾಗ ನನ್ನನ್ನು ಎತ್ತಿಕೊಂಡು ಬಾಯಿಯ ಹತ್ತಿರ ಹಿಡಿಯುತ್ತಾನೆ. "ಸಾಯಿಸಬ್ಯಾಡ್ರಪ್ಪಾ" ಎನ್ನುತ್ತಾನೆ, ಮೆಲ್ಲಗೆ. ತಡೆದು, ಉಗುಳು ನುಂಗಿ, ಮತ್ತೊಮ್ಮೆ ಹೇಳುತ್ತಾನೆ. ಈಗ ಅವನ ದನಿ ಸರಿಯಾಗಿದೆ. ಕೇಳಿಸಿಕೊಳ್ಳಲು ನಾನೊಬ್ಬನೇ ಇದ್ದೇನೆ.