ನಾಲ್ಕನೆಯ ಹೀಟ್ ಗನ್

ಯಂತ್ರ ಮಾರುವ ಅಂಗಡಿಯ ವಿಸ್ಸಾ ಕೆಟ್ಟುಹೋದ ಹೀಟ್ ಗನ್ನಿನ ಮೂತಿಯನ್ನು ಮೂಸಿ ನೋಡಿದ. ಆಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಏನೋ ಚೂರು ಲೊಡಲೊಡ ಎಂದಿತು.

"ಒಳಗಿನ ತಂತಿ ಸುಟ್ಟು ಪುಡಿಯಾಗಿದೆ ಉಸ್ತಾ. ಹೋದ ರಂಜಾನ್‌ನಿಂದ ಈಚೆಗೆ ಇದು ಮೂರನೇದು. ಇವನ್ನೇನು ತಿಂತೀರಾ ನೀವು?"

"ನೀನು ಮಾರೋ ಮಾಲೇ ಹಾಗಿದೆ," ಎಂದರು ಬಯೂಮಿ. "ನಿಮ್ಮಪ್ಪ ಕೊಟ್ಟಿದ್ದು ಹನ್ನೊಂದು ವರ್ಷ ಬಾಳ್ತು. ಈ ಸಲ ಗಟ್ಟಿಮುಟ್ಟಾದ್ದು ತೆಗಿ. ನನ್ನ ಕೊನೇ ಸಿಶ್ವಾರ್ ಇದೇ ಆಗ್ಬೇಕು."

ಬಯೂಮಿ ಕಾರಿನ ಸೀಟುಗಳಿಗೆ ಚರ್ಮ ಹೊದಿಸುವ ಉಸ್ತಾ, ಅಂದರೆ ಮೇಸ್ತ್ರಿ. ಕೈರೋದ ಕುಶಲಕರ್ಮಿಗಳ ಬಡಾವಣೆ ಹರಫಿಯ್ಯೀನ್‌ನಲ್ಲಿ ನಲವತ್ತು ವರ್ಷದಿಂದ ಅದೇ ಅಂಗಡಿ, ಅದೇ ಕಬ್ಬಿಣದ ಬಾಗಿಲು. ಬಿಸಿಗಾಳಿ ಊದಿ ಮೆತ್ತಗೆ ಮಾಡದಿದ್ದರೆ ಚರ್ಮ ಸೀಟಿನ ಮೂಲೆಗೆ ಕೂರುವುದಿಲ್ಲ. ಆ ಕೆಲಸದ ಯಂತ್ರಕ್ಕೂ ಹೆಂಗಸರು ಕೂದಲು ಒಣಗಿಸಿಕೊಳ್ಳುವ ಯಂತ್ರಕ್ಕೂ ಅಲ್ಲಿ ಒಂದೇ ಹೆಸರು, ಸಿಶ್ವಾರ್. ಅದಕ್ಕೇ ಕೆಲಸಕ್ಕೆ ಬಂದವರನ್ನೆಲ್ಲ ಬಯೂಮಿ ಮೊದಲ ದಿನವೇ ಗದರಿಸುತ್ತಿದ್ದರು: "ಇದು ನಿನ್ನ ಹೆಂಡ್ತೀದಲ್ಲ, ಗುಂಡಿ ಒತ್ತಿ ಬಿಸಾಕಿ ಹೋಗೋಕೆ. ಮೊದಲು ತಣ್ಣಗಿನ ಗಾಳಿಗೆ ತಿರುಗಿಸು. ಅದು ತಣಿಯೋವರೆಗೆ ಮೂರು ಸಲ ಫಾತಿಹಾ ಪ್ರಾರ್ಥನೆ ಓದು. ಆಮೇಲೆ ಆರಿಸು."

ಮೂರನ್ನೂ ಕೊಂದವರು ಯಾರೆಂದು ಪಕ್ಕದಲ್ಲೇ ನಿಂತಿದ್ದ ಮಗಳು ರಬಾಬ್‌ಗೆ ಗೊತ್ತಿತ್ತು. ಚಳಿಗಾಲದಲ್ಲಿ ಒಂದು ವಾರ ಆಸ್ಪತ್ರೆಯಲ್ಲಿ ಮಲಗಿ ಬಂದ ಮೇಲೆ ಅಪ್ಪನ ಕೈಚಳಕವೇನೂ ಮಾಸಿರಲಿಲ್ಲ. ನಡುವಿನ ಒಂದೊಂದು ಹೆಜ್ಜೆ ಮಾತ್ರ ಕಳೆದುಹೋಗುತ್ತಿತ್ತು. ಕೆಂಡದಂತೆ ಕಾದಿದ್ದ ಯಂತ್ರವನ್ನು ಹಾಗೇ ಆರಿಸಿ ಮೊಳೆಗೆ ನೇತುಹಾಕಿಬಿಡುತ್ತಿದ್ದರು. ಹತ್ತಿರವಿದ್ದಾಗ ಅವಳು "ಕೊಡಿಲ್ಲಿ, ನನಗೂ ಬೇಕು" ಎಂದು ಕಸಿದುಕೊಂಡು ತಣಿಸುತ್ತಿದ್ದಳು. ಆದರೆ ಯಾವಾಗಲೂ ಹತ್ತಿರ ಇರಲಾದೀತೇ?

ಹೇಳುವುದಂತೂ ಆಗದ ಮಾತು. ಬೇಸಿಗೆಯ ಮೊದಲಿಗೆ ಒಂದು ದಿನ ಬಯೂಮಿ ತಮ್ಮ ಮನೆಯ ತಿರುವನ್ನೇ ಮರೆತು ಊರೆಲ್ಲ ಸುತ್ತಿ ಬಂದಿದ್ದರು. ಅವತ್ತು ಕಾರಿನ ಕೀಲಿಯನ್ನು ಡ್ರಾಯರಿಗೆ ಹಾಕಿದವರು ಮತ್ತೆ ಮುಟ್ಟಿರಲಿಲ್ಲ. ಇದು ತಿಳಿದರೆ ಸೂಜಿಯನ್ನೂ ಹಾಗೇ ಇಟ್ಟು, ಮನೆಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಾರೆ. ಅಪ್ಪನಿಲ್ಲದ ಅಂಗಡಿ ರಬಾಬ್‌ಗೆ ಬೇಕಿರಲಿಲ್ಲ.

ವಿಸ್ಸಾ ಮೂರು ಬಗೆಯವನ್ನು ಮುಂದಿಟ್ಟ. ಬಯೂಮಿ ಒಂದೊಂದನ್ನೇ ಎತ್ತಿ ತೂಕ ನೋಡಿದರು, ವೈರನ್ನು ಬುಡದಲ್ಲಿ ಬಗ್ಗಿಸಿದರು, ತಿರುಪುಗಳನ್ನು ಉಗುರಿನಿಂದ ಕೆರೆದರು. "ಈ ಹಸಿರಿಂದು ಇರ್ಲಿ. ವೈರ್ ದಪ್ಪ ಇದೆ, ಬಿಚ್ಚಿ ರಿಪೇರಿ ಮಾಡ್ಬಹುದು."

"ಇದರದ್ದೇನು ವಿಶೇಷ?" ರಬಾಬ್ ಕೊನೆಯದನ್ನು ಮುಟ್ಟಿದಳು.

"ಆರಿಸಿದ ಮೇಲೂ ತಾನೇ ತಣ್ಣನೆ ಗಾಳಿ ಊದ್ಕೊಂಡು, ಪೂರ್ತಿ ತಣಿದ ಮೇಲೆ ನಿಲ್ಲುತ್ತೆ. ಇದ್ದದ್ರಲ್ಲಿ ಬಾಳಿಕೆ ಬರೋದು ಇದೇ."

"ತಲೆ ಇಲ್ಲದೋರಿಗೆ ಮಾಡಿದ್ದು," ಎಂದರು ಬಯೂಮಿ.

"ಕೋಪ ಮಾಡ್ಕೋಬೇಡಿ ಉಸ್ತಾ. ಮೂರೂ ಒಂದೇ ಥರ ಸತ್ತಿವೆ. ನಿಮ್ಮಲ್ಲಿ ಯಾರೋ ಬಿಸಿ ಇದ್ದಾಗ್ಲೇ ಆರಿಸ್ತಿದಾರೆ. ಮೂರು ಫಾತಿಹಾ ಕಷ್ಟ ಆದ್ರೆ ನಮ್ಮ ಇಗರ್ಜಿ ಪ್ರಾರ್ಥನೆ ಹೇಳಿ, ಅದು ಉದ್ದ, ಎರಡೇ ಸಲ ಸಾಕು."

ತಿರುಪು ಕೊಳ್ಳಲು ಬಂದಿದ್ದ ಇಬ್ಬರು ಲೇತ್ ಕೆಲಸದವರು ಗೊಳ್ಳೆಂದು ನಕ್ಕರು. ಬಯೂಮಿ ನಗಲಿಲ್ಲ. "ನಮ್ಮಲ್ಲಿ ಇರೋದು ನಾವಿಬ್ಬರೇ," ಎಂದು ನಿಧಾನವಾಗಿ ಹೇಳಿ ತಮ್ಮ ಬಲಗೈಯನ್ನೇ ನೋಡಿಕೊಂಡರು.

"ನಾನೇ ಅಪ್ಪಾ," ಎಂದಳು ರಬಾಬ್. "ಫೋನ್ ಬರುತ್ತೆ, ಗಿರಾಕಿ ಕರೀತಾರೆ, ಮರೆತುಹೋಗುತ್ತೆ. ಹೇಳೋಕೆ ಹೆದರಿಕೆ ಆಯ್ತು."

"ಹದಿನೈದು ವರ್ಷ!" ಬಯೂಮಿಯವರ ಧ್ವನಿ ಬೀದಿಗೂ ಕೇಳಿಸಿತು. "ಹದಿನೈದು ವರ್ಷ ಬಡ್ಕೊಂಡಿದ್ದೀನಿ! ಕತ್ತೆಗೆ ಕಲಿಸಿದ್ರೂ ಕಲೀತಿತ್ತು!"

"ಬ್ಯೂಟಿ ಪಾರ್ಲರ್ ಅಂದ್ಕೊಂಡಿರ್ಬೇಕು," ಎಂದ ಲೇತ್‌ನವನೊಬ್ಬ.

"ನೀನು ಬಾಯಿ ಮುಚ್ಚು! ನನ್ನ ಮಗಳನ್ನ ಬಯ್ಯೋಕೆ ನಾನಿದೀನಿ."

ರಬಾಬ್‌ಳ ಕಿವಿ ಕಾದುಹೋಗಿತ್ತು. ಹೆಂಗಸಿನ ಕೈಗೆ ಸೀಟು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಹರಫಿಯ್ಯೀನ್ ಅವಳನ್ನು ಒಪ್ಪಿಕೊಳ್ಳಲು ಹತ್ತು ವರ್ಷ ಹಿಡಿದಿತ್ತು. ಸಂಜೆಯೊಳಗೆ ಈ ಸುದ್ದಿ ಅಲ್ಲಿನ ಪ್ರತಿ ಬಾಗಿಲಿಗೂ ತಲುಪುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಅಪ್ಪ "ಕೊಡಪ್ಪಾ, ಆ ತಲೆ ಇಲ್ಲದೋರ ಯಂತ್ರಾನೇ ಕೊಡು" ಎಂದಾಗ ಅವಳಿಗೆ ಉಸಿರು ಬಂದಂತಾಯಿತು.

ದಾರಿಯುದ್ದಕ್ಕೂ ಬಯೂಮಿ ಬಯ್ದರು. ಬಯ್ಯುತ್ತಲೇ ಅವಳಿಗೊಂದು ದೊಡ್ಡ ಲೋಟ ಕಬ್ಬಿನ ಹಾಲು ಕೊಡಿಸಿದರು.

ಮಧ್ಯಾಹ್ನ ಮೈಕ್ರೋಬಸ್ಸಿನ ಡ್ರೈವರ್ ಸೀಟಿನ ಕೆಲಸ. ಬಯೂಮಿ ಎಡಗೈಯಲ್ಲಿ ಚರ್ಮ ಎಳೆಯುತ್ತ ಬಲಗೈಯಲ್ಲಿ ಗಾಳಿ ಆಡಿಸಿದರು. ಹಟ ಹಿಡಿದಿದ್ದ ಮೂಲೆ ಬಗ್ಗಿ ಸದ್ದಿಲ್ಲದೆ ಕೂತಿತು. ಗುಂಡಿ ಒತ್ತಿ, ಯಂತ್ರವನ್ನು ಮೊಳೆಗೆ ನೇತುಹಾಕಿ, ಸೂಜಿ ತೆಗೆದುಕೊಂಡರು.

ಮೊಳೆಯ ಮೇಲೆ ಯಂತ್ರ ಗುಂಯ್ ಎನ್ನುತ್ತಲೇ ಇತ್ತು.

"ಆರಿಸಿದೀನಿ, ನಿಲ್ತಾನೇ ಇಲ್ಲ ನೋಡು. ಆ ವಿಸ್ಸಾ ಕೆಟ್ಟಿದ್ದನ್ನೇ ಕೊಟ್ಟಿದಾನೆ."

ಬಯೂಮಿ ಎದ್ದು ಹೋಗಿ ಮೂತಿಯ ಮುಂದೆ ಅಂಗೈ ಹಿಡಿದರು. ಸುಡುವ ಗಾಳಿ ಬೆಚ್ಚಗಾಯಿತು, ಬೆಚ್ಚಗಿದ್ದದ್ದು ತಣ್ಣಗಾಯಿತು, ಆಮೇಲೆ ಯಂತ್ರ ತಾನೇ ನಿಂತಿತು. ಅವರು ಕೈ ಇಳಿಸಲಿಲ್ಲ.

"ಮೂರೂ ನಾನೇನಾ?"

"ಅಪ್ಪಾ, ಒಂದು ನಾನೂ..."

"ಸುಳ್ಳು ಹೇಳೋಕೂ ಬರಲ್ಲ ನಿನಗೆ."

ಅವರ ಕೈ ಏಪ್ರನ್ನಿನ ಕಡೆ ಹೋಯಿತು. ಬಿಚ್ಚಿಬಿಡುತ್ತಾರೆಂದು ರಬಾಬ್ ಉಸಿರು ಹಿಡಿದಳು. ಆದರೆ ಕೈ ಜೇಬಿಗೆ ಇಳಿದು ಫೋನನ್ನು ತೆಗೆಯಿತು. ಕಣ್ಣು ಕಿರಿದು ಮಾಡಿ ನಂಬರು ಹುಡುಕಿ, ಅಂಗಡಿಯ ಬಾಗಿಲಿಗೇ ಹೋಗಿ ನಿಂತು ಬಯೂಮಿ ಕೂಗಿದರು. ಎದುರಿನ ತಗಡಿನ ಅಂಗಡಿಯ ಸುತ್ತಿಗೆಗಳು ನಿಂತವು.

"ವಿಸ್ಸಾ! ಆ ಲೇತ್‌ನವರು ಸಿಕ್ಕಿದ್ರೆ ಹೇಳು. ಮೂರೂ ಸಿಶ್ವಾರ್ ಸುಟ್ಟೋನು ನಾನು, ಬಯೂಮಿ. ನನಗೆ ಮರೆವು ಬಂದಿದೆ. ನನ್ನ ಮಗಳ ಕೆಲಸದಲ್ಲಿ ಕೂದಲಷ್ಟೂ ತಪ್ಪಿಲ್ಲ. ಏನು? ಕೆಟ್ಟಿಲ್ಲ, ಚೆನ್ನಾಗೇ ಇದೆ. ಅಂಥದ್ದೇ ಇನ್ನೊಂದು ತೆಗೆದಿಡು. ಇಬ್ಬರು ಕೆಲಸ ಮಾಡೋ ಅಂಗಡಿಗೆ ಒಂದು ಸಾಲಲ್ಲ."

ಫೋನು ಇಟ್ಟು ಬಂದು ಅವರು ಮತ್ತೆ ತಮ್ಮ ಸ್ಟೂಲಿನ ಮೇಲೆ ಕೂತರು, ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸತೊಡಗಿದರು. ರಬಾಬ್ ಸೀಟಿನ ಮೇಲೆ ಬಗ್ಗಿ, ಇಲ್ಲದ ಸುಕ್ಕೊಂದನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದಳು.