ಅಂಗೈ ಮೇಲಿನ ಕಾಫಿ

ಬಾಲಚಂದ್ರ ಸಿನಿಮಾ ಮಾಡಲು ಹೊರಟು ಎರಡು ವರ್ಷವಾಗಿತ್ತು. ಹಗಲೆಲ್ಲ ವಿಮಾ ಕಚೇರಿಯ ಗುಮಾಸ್ತಿಕೆ. ಸ್ಟುಡಿಯೋ ಇಲ್ಲ, ನಟರಿಲ್ಲ, ಚಿತ್ರಕ್ಕೆ ಮಾತೂ ಇಲ್ಲ. ಇದ್ದದ್ದು ಒಂದು ಕತೆ. ಬರೋಡಾದ ಹೋಟೆಲೊಂದರ ಅಡಿಗೆಯವನಿಗೆ ಒಬ್ಬ ಬಂದು ಆಸೆ ಹಚ್ಚುತ್ತಾನೆ: ದಿನಾ ಕಾಫಿಗೆ ಬರುವ ನನ್ನ ಚಿಕ್ಕಪ್ಪನ ಲೋಟಕ್ಕೆ ಈ ಪುಡಿ ಹಾಕು, ಅವನ ಆಸ್ತಿ ನನಗೆ ಬಂದ ಮೇಲೆ ಈ ಹೋಟೆಲನ್ನೇ ನಿನಗೆ ಕೊಡಿಸುತ್ತೇನೆ. ಹಾಕುತ್ತಾನೋ ಇಲ್ಲವೋ ಎಂದು ನೋಡುವವರು ಉಸಿರು ಬಿಗಿಹಿಡಿದು ಕೂರಬೇಕು. ಹಾಕುತ್ತಾನೆ. ಮುದುಕ ಕುಡಿಯುತ್ತಾನೆ. ಅಲ್ಲಿಗೆ ಕತೆ ಮುಗಿಯುತ್ತದೆ.

ಅಡಿಗೆಯವನ ಪಾತ್ರಕ್ಕೆ ಅದೇ ಊರಿನ ಸಯಾಜಿಗಂಜ್ ಬಡಾವಣೆಯ ಉಡುಪಿ ಹೋಟೆಲಿನಲ್ಲಿ ಅಡಿಗೆ ಮಾಡುವ ಮಾಧವ ಭಟ್ಟರೇ ಒಪ್ಪಿದರು. ಮುದುಕನ ಪಾತ್ರಕ್ಕೆ ಬಾಲಚಂದ್ರನ ಬಾಡಿಗೆ ಮನೆಯ ಮಾಲೀಕ ಡಾಹ್ಯಾಭಾಯಿ. ನಿವೃತ್ತ ಶಾಲಾ ಮಾಸ್ತರರು; ಸಾಯುವುದಕ್ಕೆ ಬಹಳ ಉತ್ಸಾಹ. ಉಳಿದ ಕೆಲಸಕ್ಕೆಲ್ಲ ಬಾಲಚಂದ್ರನ ಅಕ್ಕ ಇಂದುಮತಿ. ಹಳ್ಳಿಯ ತಾಯಂದಿರಿಗಾಗಿ ಪಾಠದ ಚಿತ್ರ ತೆಗೆಯುವ ವಿಶ್ವವಿದ್ಯಾಲಯದ ಒಂದು ವಿಭಾಗದಲ್ಲಿ ಅವಳಿಗೆ ನೌಕರಿ. ಫಿಲ್ಮಿನ ಕಪಾಟಿನ ಬೀಗದಕೈ ಅವಳ ಸೊಂಟದಲ್ಲೇ ಇರುತ್ತಿತ್ತು.

ಆ ಬುಧವಾರ ಹೋಟೆಲಿಗೆ ವಾರದ ರಜೆ; ಅಕ್ಕ ತಮ್ಮ ಇಬ್ಬರೂ ಕೆಲಸಕ್ಕೆ ರಜೆ ಹಾಕಿದ್ದರು. ಉಳಿದದ್ದು ಕೊನೆಯ ದೃಶ್ಯವೊಂದೇ, ಕೈಯಲ್ಲಿದ್ದದ್ದೂ ನೂರಡಿಯ ಕೊನೆಯ ರೋಲು. ಆಗ ಪರದೇಶದ ಫಿಲ್ಮು ಅಂಗಡಿಯಲ್ಲಿ ಸಿಗುವ ಮಾತೇ ಇರಲಿಲ್ಲ. ಕ್ಯಾಮೆರಾ ಸೂರತ್ತಿನ ಒಬ್ಬ ಮದುವೆ ಫೋಟೋಗ್ರಾಫರನದು. ಮರುದಿನ ಬೆಳಗಿನ ಗಾಡಿಗೆ ಒಯ್ದು ಒಪ್ಪಿಸಬೇಕು. ಅದಕ್ಕೆ ಕೀಲಿ ಕೊಟ್ಟರೆ ಅರ್ಧ ನಿಮಿಷ ಓಡುತ್ತಿತ್ತು. ಒಂದು ರೋಲಿಗೆ ಐದು ಸಲ.

ಭಟ್ಟರು ಖಾಲಿ ಲೋಟ ಹಿಡಿದು ನಾಲ್ಕು ಸಲ ಅಭ್ಯಾಸ ಮಾಡಿದ್ದರು, ಒಮ್ಮೆಯೂ ತಪ್ಪಿರಲಿಲ್ಲ. ಈಗ ಲೋಟಕ್ಕೆ ನಿಜವಾದ ಬಿಸಿ ಕಾಫಿ ಬಂತು. ಪುಡಿ ಹಾಕಿದರು, ಚಮಚದಿಂದ ಕಲಕಿದರು. ಆಮೇಲೆ ಮೂವತ್ತು ವರ್ಷದ ರೂಢಿಯಂತೆ ಚಮಚದಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು.

ಬಾಲಚಂದ್ರ ಕ್ಯಾಮೆರಾದಿಂದ ಕಣ್ಣು ತೆಗೆದು ತಲೆ ಚಚ್ಚಿಕೊಂಡ. ಗುಂಡಿಯ ಮೇಲಿನ ಬೆರಳು ಮಾತ್ರ ಹಾಗೇ ಇತ್ತು. ಕೀಲಿ ಮುಗಿಯುವವರೆಗೆ ಕ್ಯಾಮೆರಾ ಗುರುಗುಟ್ಟುತ್ತಲೇ ಇತ್ತು.

"ಅದು ವಿಷ ರೀ, ಭಟ್ರ."

"ವಿಷವಾದರೂ ಸಕ್ಕರೆ ಸರಿ ಉಂಟಾ ನೋಡಬೇಕಲ್ಲ ಮಾರಾಯ್ರೆ," ಎಂದರು ಭಟ್ಟರು, ನಿಜಕ್ಕೂ ನೊಂದುಕೊಂಡು. "ಈ ಕೈ ನನ್ನ ಮಾತು ಕೇಳುವುದಿಲ್ಲ."

ಎರಡನೆಯ ಸಲವೂ ಅದೇ ಆಯಿತು. ಮೂರನೆಯ ಸಲ ಲೋಟವನ್ನು ಹಾವು ಹಿಡಿದಂತೆ ಹಿಡಿದರು. ನಾಲ್ಕನೆಯ ಸಲ ಕಾಫಿ ಡಾಹ್ಯಾಭಾಯಿಯ ಧೋತರದ ಮೇಲೆ ಚೆಲ್ಲಿತು. ಐದನೆಯ ಸಲ ಮತ್ತೆ ನೆಕ್ಕಿದರು. ರೋಲು ಮುಗಿಯಿತು.

ಬಾಲಚಂದ್ರ ಅಕ್ಕನನ್ನು ಹಿತ್ತಿಲಿಗೆ ಕರೆದೊಯ್ದ. ಅವಳ ಮುಖ ನೋಡದೆ ನೀರಿನ ಹಂಡೆಯನ್ನು ನೋಡುತ್ತ ಹೇಳಿದ:

"ಅಕ್ಕಾ, ನಿನ್ನ ಕಪಾಟದಾಗ ಹನ್ನೆರಡ ರೋಲು ಅದಾವ. ನಿಮ್ಮ ಸಾಹೇಬ್ರು ಅಹಮದಾಬಾದಿಗೆ ಹೋಗ್ಯಾರ."

ಇಂದುಮತಿ ಸೆರಗು ಸರಿಪಡಿಸಿಕೊಂಡು ಹೊರಟಳು. ತರಬೇಕೆಂದೇ ಹೊರಟಳು. ಊಟ ಬಿಟ್ಟು, ನಿದ್ದೆ ಬಿಟ್ಟು ಎರಡು ವರ್ಷ ಅವನು ದುಡಿದದ್ದನ್ನು ಅವಳಷ್ಟು ಯಾರು ಕಂಡಿದ್ದರು?

ಊಟದ ಹೊತ್ತು, ವಿಭಾಗದಲ್ಲಿ ಯಾರೂ ಇರಲಿಲ್ಲ. ಕಪಾಟು ತೆರೆದು ಒಂದು ಡಬ್ಬಿ ಎತ್ತಿಕೊಂಡಳು. ರೋಲು ಕೆಡುವುದು ಅಲ್ಲಿ ಹೊಸದೇನಲ್ಲ. ಕೆಟ್ಟಾಗ ಪುಸ್ತಕದಲ್ಲಿ ಒಂದೇ ಸಾಲು, 'ಬೆಳಕು ತಾಗಿ ಕೆಟ್ಟಿದೆ', ಕೆಳಗೆ ಅವಳ ಸಹಿ. ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವಳು ಪೆನ್ನು ತೆಗೆದು 'ಬೆಳಕು' ಎಂದು ಬರೆದಳು. ಅಕ್ಷರ ದಿನದಂತೆಯೇ ದುಂಡಗೆ ಬಿತ್ತು. ಅದನ್ನು ಮತ್ತೊಮ್ಮೆ ಓದಿದಳು. ಇಷ್ಟು ಸಲೀಸೇ ಎನ್ನಿಸಿ ಹೆದರಿಕೆಯಾಯಿತು. ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬೀಗ ಹಾಕಿದಳು.

ಹೋಟೆಲಿನಲ್ಲಿ ಮೂವರೂ ಒಂದೇ ಬೆಂಚಿನ ಮೇಲೆ ಕೂತಿದ್ದರು.

"ತಂದ್ಯೇನು?"

"ಇಲ್ಲ. ತಗೊಂಡಿದ್ದೆ, ತಿರುಗಿ ಇಟ್ಟು ಬಂದೆ."

ಬಾಲಚಂದ್ರನ ಮುಖ ಕಪ್ಪಿಟ್ಟಿತು. ಡಾಹ್ಯಾಭಾಯಿ ಸಮಾಧಾನಕ್ಕೆಂದು, ಭಟ್ಟರು ನನಗಿಂತ ಮುಂಚೆ ಐದು ನಿಮಿಷದಲ್ಲಿ ಮೂರು ಸಲ ಸತ್ತರು, ನನ್ನ ಸರದಿಯೇ ಬರಲಿಲ್ಲ ಎಂದು ಹಿಂದಿಯಲ್ಲಿ ನಗೆಯಾಡಿದರು.

ಭಟ್ಟರಂತೂ ಪಶ್ಚಾತ್ತಾಪದಲ್ಲಿ ಇಳಿದುಹೋಗಿದ್ದರು. ಮೊದಲನೆಯ ಸಲ ನೆಕ್ಕಿದ ಕೂಡಲೇ ಏನು ಮಾಡಿದೆನೆಂದು ಗೊತ್ತಾಯಿತು, ಎದೆಯೇ ನಿಂತಂತಾಯಿತು, ಎಂದು ಅದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಇಂದುಮತಿ ತಟ್ಟನೆ ಅವರತ್ತ ತಿರುಗಿದಳು. ಮೊದಲ ಸಲ ನೆಕ್ಕಿದ ಆ ಗಳಿಗೆ ಅವಳು ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದಳು. ಅಂಗೈ ತುಟಿಯಿಂದ ಕೆಳಗಿಳಿದಿತ್ತು. ಭಟ್ಟರ ಕಣ್ಣು ಮೊದಲು ಲೋಟಕ್ಕೆ, ಆಮೇಲೆ ಕೈಗೆ, ಆಮೇಲೆ ಎಲ್ಲಿಗೂ ಇಲ್ಲ. ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

"ಬಾಲೂ, ಮೊದಲನೇ ಸಲ ನೀ ಕಣ್ಣು ತಗದಿ, ಬೆರಳು ತಗೀಲಿಲ್ಲ. ಭಟ್ರ ಮುಖ ಅದರಾಗ ಬಂದದ."

"ಬಂದ್ರೇನಾತು?"

"ಮುದುಕ ಯಾಕ ಸಾಯಬೇಕು? ವಿಷ ಹಾಕಿದಂವ ತಾನ ನೆಕ್ಕಿದ. ನೆಕ್ಕಿದ ಮ್ಯಾಲೆ ತಿಳೀತು. ಇನ್ನೇನು ಬೇಕು ನಿನಗ?"

ಬಾಲಚಂದ್ರ ಬೆಂಚಿನಿಂದ ಎದ್ದ. ಮುಖ ಪೂರ್ತಿ ಕಂಡಿತ್ತೇ ಎಂದು ಕೇಳಿದ. ಬೆಳಕು ಯಾವ ಕಡೆಯಿಂದಿತ್ತು ಎಂದು ಕೇಳಿದ. ನಿಂತ ಜಾಗಕ್ಕೆ ಹೋಗಿ ತಾನೇ ನಿಂತು ನೋಡಿದ. ಕೊನೆಗೆ, ಹೊಟ್ಟೆ ಹಸೀತದ ಎಂದ. ಅವನು ಹಾಗೆ ಅಂದು ಬಹಳ ದಿನವಾಗಿತ್ತು. ಭಟ್ಟರು ಓಡಿಹೋಗಿ ಒಲೆ ಹಚ್ಚಿದರು.

ತಿಂಗಳ ನಂತರ ಫಿಲ್ಮು ಮುಂಬಯಿಯಿಂದ ತೊಳೆದು ಬಂತು. ಒಂದು ಭಾನುವಾರ ಮಧ್ಯಾಹ್ನ ಹೋಟೆಲಿನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಊರಿನ ಕನ್ನಡದ ಮನೆಗಳವರನ್ನೆಲ್ಲ ಕೂರಿಸಿ, ಬಿಳಿ ಪಂಚೆಯ ಮೇಲೆ ಚಿತ್ರ ತೋರಿಸಿದರು. ಪುಡಿ ಲೋಟಕ್ಕೆ ಬಿದ್ದಾಗ ಗುಸುಗುಸು ನಿಂತಿತು. ಅಂಗೈ ತುಟಿಗೆ ಹೋದಾಗ ಹೆಂಗಸರ ಕಡೆಯಿಂದ ಒಂದು ಉಸಿರು ಕೇಳಿತು. ಆಮೇಲೆ ಆ ಮುಖ. ಇಂದುಮತಿ ಪರದೆ ಬಿಟ್ಟು ಜನರನ್ನು ನೋಡಿದಳು. ಮುಂದಿನ ಸಾಲಿನಲ್ಲಿ ಭಟ್ಟರ ಹೆಂಡತಿ ರುಕ್ಮಿಣಿ, ಪಕ್ಕದಲ್ಲೇ ಕೂತಿದ್ದ ಗಂಡನ ತೋಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕಂಬಳಿ ಬಿಚ್ಚಿ ಬಿಸಿಲು ಒಳಗೆ ಬಂದ ಮೇಲೂ ಬಿಡಲಿಲ್ಲ.